ಹಾಡು ಕೇಳಿದರೆ ಪರೀಕ್ಷೆಯಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತಾ? ನೀವೇ ಪ್ರಯೋಗ ಮಾಡಿ ನೋಡುವ ಬಗೆ

ಮನಶ್ಶಾಸ್ತ್ರ ಓದುವ ಡಿಗ್ರಿ ಮಕ್ಕಳು ಪ್ರಾಜೆಕ್ಟ್‌ಗೆ ವಿಷಯ ಹುಡುಕುವ ಹೊತ್ತಿಗೆ ನನಗೆ ಬರುವ ಪ್ರಶ್ನೆ ಇದೇ. “ಮೇಡಂ, ಸಂಗೀತ ಕೇಳಿದರೆ ವಿದ್ಯಾರ್ಥಿಗಳ ಮಾರ್ಕ್ಸ್ ಹೆಚ್ಚಾಗುತ್ತಾ ಅಂತ ನೋಡಬೇಕು, ಹೇಗೆ ಮಾಡೋದು?” ಪಿಯುಸಿ ಮಕ್ಕಳ ಅಪ್ಪ ಅಮ್ಮ ಕೇಳುವುದೂ ಹೆಚ್ಚುಕಡಿಮೆ ಇದನ್ನೇ. “ಇಯರ್‌ಫೋನ್ ಸಿಕ್ಕಿಸಿಕೊಂಡೇ ಓದ್ತಾನೆ, ತಲೆಗೆ ಹೋಗುತ್ತಾ?” ಒಬ್ಬೊಬ್ಬರಿಗೇ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು.

ಇಲ್ಲಿ ಹೇಳುವ ಪ್ರಯೋಗಕ್ಕೆ ಲ್ಯಾಬ್ ಬೇಡ, ದುಡ್ಡೂ ಬೇಡ. ಬೇಕಾದದ್ದು ಇಷ್ಟೇ: 36 ಜನ ವಿದ್ಯಾರ್ಥಿಗಳು, ಒಂದು ಶಾಂತವಾದ ಕೋಣೆ, ಒಂದು ಲ್ಯಾಪ್‌ಟಾಪ್, ಒಂದು ಸ್ಪೀಕರ್, ಸದ್ದು ಅಳೆಯುವ ಆ್ಯಪ್ ಇರುವ ಮೊಬೈಲ್, ಉತ್ತರದ ಹಾಳೆಗಳು, ಗಡಿಯಾರ. ಜೊತೆಗೆ ಸುಮಾರು ಎರಡು ವಾರ ಸಮಯ. ಒಬ್ಬರೇ ಮನೆಯಲ್ಲಿ ಪರೀಕ್ಷಿಸಿಕೊಳ್ಳುವ ಸಣ್ಣ ವಿಧಾನವೂ ಇದೆ, ಅದು ಕೊನೆಯಲ್ಲಿ ಬರುತ್ತದೆ.

ಹಂತ 1: ಹಿಂದೆ ಏನಾಗಿದೆ ಅಂತ ಮೊದಲು ತಿಳಿದುಕೊಳ್ಳಿ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ಹೆಸರು ಮೊಝಾರ್ಟ್. ಅವರ ಸಂಗೀತ ಕೇಳಿಸಿದರೆ ಮಕ್ಕಳು ಜಾಣರಾಗುತ್ತಾರೆ ಅನ್ನುವ ಮಾತು ನೀವು ಕೇಳಿರಬಹುದು. ಅದರ ಮೂಲ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ವರದಿ. ಕ್ಯಾಲಿಫೋರ್ನಿಯಾದ ಅರ್ವೈನ್ ವಿಶ್ವವಿದ್ಯಾಲಯದಲ್ಲಿ ಫ್ರಾನ್ಸಿಸ್ ರಾಶರ್ ಮತ್ತು ಜೊತೆಗಾರರು 36 ಕಾಲೇಜು ವಿದ್ಯಾರ್ಥಿಗಳಿಗೆ ಮೂರು ಬಗೆಯ ಹತ್ತು ನಿಮಿಷ ಕೊಟ್ಟರು. ಒಮ್ಮೆ ಮೊಝಾರ್ಟ್‌ನ ಎರಡು ಪಿಯಾನೋಗಳ ಸೊನಾಟಾ (ವಾದ್ಯಕ್ಕೆಂದೇ ರಚಿಸಿದ ಕೃತಿ), ಒಮ್ಮೆ ಮೈಮನ ಸಡಿಲಿಸುವ ಸೂಚನೆಗಳ ಟೇಪ್, ಒಮ್ಮೆ ಬರೀ ಮೌನ. ಪ್ರತಿ ಸಲವೂ ಆಮೇಲೆ ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವಂಥ ಪ್ರಶ್ನೆಗಳನ್ನು ಕೊಟ್ಟರು. ಮೊಝಾರ್ಟ್ ಕೇಳಿದ ಮೇಲೆ ಬಂದ ಅಂಕ, ಬುದ್ಧಿಮತ್ತೆಯ ಲೆಕ್ಕಕ್ಕೆ ತಂದರೆ, 8ರಿಂದ 9 ಪಾಯಿಂಟ್ ಹೆಚ್ಚಿತ್ತು. ಆ ಲಾಭ ಉಳಿದದ್ದು ಹತ್ತು ಹದಿನೈದು ನಿಮಿಷ ಮಾತ್ರ.

ಅವರು ಹೇಳಿದ್ದು ಇಷ್ಟು. ಜಗತ್ತು ಕೇಳಿಸಿಕೊಂಡದ್ದು ಬೇರೆ. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಝೆಲ್ ಮಿಲ್ಲರ್, ರಾಜ್ಯದಲ್ಲಿ ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ರೆಕಾರ್ಡಿಂಗ್ ಕೊಡೋಣ ಅಂತ ಬಜೆಟ್‌ನಲ್ಲಿ 1,05,000 ಡಾಲರ್ ಕೇಳಿದರು. ಆ ಅಧ್ಯಯನದಲ್ಲಿ ಒಂದು ಮಗುವೂ ಇರಲಿಲ್ಲ.

ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಹಲವರಿಗೆ ಆ ಫಲಿತಾಂಶ ಸಿಗಲಿಲ್ಲ. 2001ರಲ್ಲಿ ಕೆನಡಾದ ಥಾಂಪ್ಸನ್, ಶೆಲೆನ್‌ಬರ್ಗ್ ಮತ್ತು ಹುಸೇನ್ ಒಂದು ಒಳ್ಳೆಯ ಕೆಲಸ ಮಾಡಿದರು. ಕೆಲವರಿಗೆ ಮೊಝಾರ್ಟ್‌ನ ಲವಲವಿಕೆಯ ಸೊನಾಟಾ, ಕೆಲವರಿಗೆ ಇಟಲಿಯ ಸಂಗೀತಗಾರ ಆಲ್ಬಿನೋನಿಯ ಹೆಸರಿನಲ್ಲಿರುವ ನಿಧಾನವಾದ, ದುಃಖದ ಅಡಾಜಿಯೋ ಕೇಳಿಸಿದರು. ಮೊಝಾರ್ಟ್ ಕೇಳಿದವರು ಮೌನಕ್ಕಿಂತ ಚೆನ್ನಾಗಿ ಮಾಡಿದರು, ಆಲ್ಬಿನೋನಿ ಕೇಳಿದವರಿಗೆ ಲಾಭ ಆಗಲಿಲ್ಲ. ಮನಸ್ಸಿನ ಉಲ್ಲಾಸ ಮತ್ತು ಚುರುಕುತನದ ಲೆಕ್ಕ ತೆಗೆದುಹಾಕಿದಾಗ ಮೊಝಾರ್ಟ್‌ನ ಲಾಭವೂ ಬಹುಪಾಲು ಕರಗಿಹೋಯಿತು. ಅಂದರೆ ಅಲ್ಲಿ ಕೆಲಸ ಮಾಡಿದ್ದು ಮೊಝಾರ್ಟ್ ಅನ್ನುವುದಕ್ಕಿಂತ, ಮನಸ್ಸು ಹುರುಪಾಗಿದ್ದದ್ದು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣ ಇದೆ. ಇಲ್ಲಿ ಸಂಗೀತ ಇದ್ದದ್ದು ಪರೀಕ್ಷೆಗೆ ಮುಂಚೆ. ನಮ್ಮ ಮಕ್ಕಳು ಕೇಳುವುದು ಓದುವಾಗಲೇ. ಇವೆರಡೂ ಪೂರ್ತಿ ಬೇರೆ ಪ್ರಶ್ನೆಗಳು, ಮತ್ತು ನಾನು ನೋಡಿದ ಹೆಚ್ಚಿನ ಪ್ರಾಜೆಕ್ಟ್‌ಗಳು ಎಡವುವುದು ಇಲ್ಲೇ. ಸಂಗೀತ ಕಲಿಯುವುದು ಇನ್ನೂ ಬೇರೆ, ವರ್ಷಗಟ್ಟಲೆ ಪಾಠಕ್ಕೆ ಹೋಗುವ ಮಗುವಿನ ಮಾತು ಅದು. ಮೂರನ್ನೂ ಕಲಸಬೇಡಿ.

ಹಂತ 2: ಯಾವ ಕಣ್ಣಿಂದ ನೋಡುತ್ತೀರಿ ಅಂತ ತೀರ್ಮಾನಿಸಿ

ಒಂದೇ ವಿಷಯವನ್ನು ಮನಶ್ಶಾಸ್ತ್ರ ಹಲವು ಕಡೆಯಿಂದ ನೋಡುತ್ತದೆ. ನಿಮ್ಮ ಪ್ರಯೋಗ ಯಾವುದರ ಮೇಲೆ ನಿಂತಿದೆ ಅಂತ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಫಲಿತಾಂಶ ಬಂದ ಮೇಲೆ ಅದಕ್ಕೆ ತಕ್ಕ ಕಾರಣ ಹುಡುಕುತ್ತಾ ಕೂರಬೇಕಾಗುತ್ತದೆ.

ಮೊದಲನೆಯದು ಹುರುಪಿನ ದೃಷ್ಟಿ, ಪುಸ್ತಕಗಳಲ್ಲಿ ಅರೌಸಲ್ ಅನ್ನುತ್ತಾರೆ. ತೂಕಡಿಸುವ ಮನಸ್ಸಿಗೂ ಕೆಲಸ ಆಗದು, ಗಾಬರಿಯಾದ ಮನಸ್ಸಿಗೂ ಆಗದು, ನಡುವಿನ ಹದ ಬೇಕು. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಇಲಿಗಳ ಮೇಲೆ ಮಾಡಿದ ಕೆಲಸದಿಂದ ಬೆಳೆದ ಯೋಚನೆ ಇದು. ಪರೀಕ್ಷೆಗೆ ಮುಂಚೆ ಹಾಡು ಕೇಳುವುದರ ಬಗ್ಗೆ ಪ್ರಯೋಗ ಮಾಡುವವರಿಗೆ ಇದು ಸರಿ.

ಎರಡನೆಯದು ಗಮನ ಮತ್ತು ನೆನಪಿನ ದೃಷ್ಟಿ. ನನ್ನ ಮಟ್ಟಿಗೆ ವಿದ್ಯಾರ್ಥಿಗಳಿಗೆ ತುಂಬ ಉಪಯೋಗಕ್ಕೆ ಬರುವುದು ಇದೇ. ಒಂದು ಫೋನ್ ನಂಬರ್ ಕೇಳಿ, ಬರೆದುಕೊಳ್ಳುವ ತನಕ ಮನಸ್ಸಿನಲ್ಲೇ ಗುನುಗುತ್ತಾ ಇರುತ್ತೀರಿ, ಅಲ್ವಾ? ಅಷ್ಟರಲ್ಲಿ ಯಾರಾದರೂ ಪಕ್ಕದಲ್ಲಿ ಮಾತಾಡಿದರೆ ನಂಬರ್ ಜಾರಿಹೋಗುತ್ತದೆ. ಆ ಗುನುಗುವ ಜಾಗಕ್ಕೆ ಬ್ಯಾಡ್ಲಿ ಅನ್ನುವ ಬ್ರಿಟಿಷ್ ಮನಶ್ಶಾಸ್ತ್ರಜ್ಞರು ಫೋನಾಲಾಜಿಕಲ್ ಲೂಪ್ ಅಂತ ಹೆಸರಿಟ್ಟರು, ಒಳಗಿನ ಧ್ವನಿಯ ಸುತ್ತು ಅಂದುಕೊಳ್ಳಿ. 1989ರಲ್ಲಿ ಸಲಾಮೆ ಮತ್ತು ಬ್ಯಾಡ್ಲಿ, ಸಾಹಿತ್ಯ ಇರುವ ಹಾಡು ಬರೀ ವಾದ್ಯಕ್ಕಿಂತ ಈ ಸುತ್ತನ್ನು ಹೆಚ್ಚು ಕೆಡಿಸುತ್ತದೆ ಅಂತ ತೋರಿಸಿದರು. 2011ರಲ್ಲಿ ಪರ್ಹಮ್ ಮತ್ತು ವಿಝಾರ್ಡ್ ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. ಅವರು ಇಷ್ಟದ ಹಾಡು ಹಾಕಿದರು, ಇಷ್ಟವಿಲ್ಲದ ಹಾಡೂ ಹಾಕಿದರು. ಕ್ರಮವಾಗಿ ನೆನಪಿಟ್ಟುಕೊಳ್ಳುವ ಕೆಲಸದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಅಡ್ಡಿ ಮಾಡಿದವು. “ನನಗೆ ಇಷ್ಟದ ಹಾಡಾದರೆ ತೊಂದರೆ ಆಗಲ್ಲ” ಅನ್ನುವವರು ಇದನ್ನು ಗಮನಿಸಬೇಕು.

ಮೂರನೆಯದು ಸ್ವಭಾವದ ದೃಷ್ಟಿ. 1997ರಲ್ಲಿ ಫರ್ನಮ್ ಮತ್ತು ಬ್ರಾಡ್ಲಿ, ಅಂತರ್ಮುಖಿಗಳು ಅಂದರೆ ತಮ್ಮ ಪಾಡಿಗೆ ಇರಲು ಇಷ್ಟಪಡುವವರು, ಪಾಪ್ ಸಂಗೀತದ ನಡುವೆ ಓದಿ ಅರ್ಥಮಾಡಿಕೊಳ್ಳುವ ಕೆಲಸದಲ್ಲಿ ಬಹಿರ್ಮುಖಿಗಳಿಗಿಂತ ಹಿಂದೆ ಬಿದ್ದದ್ದನ್ನು ಕಂಡರು. ಅದರಲ್ಲಿದ್ದದ್ದು ಇಪ್ಪತ್ತೇ ಜನ ಅನ್ನುವುದು ನೆನಪಿರಲಿ.

ನಾಲ್ಕನೆಯದು ಸನ್ನಿವೇಶದ ನೆನಪು. ಕಲಿತ ಜಾಗದ ವಾತಾವರಣ ನೆನಪಿನ ಜೊತೆ ಅಂಟಿಕೊಂಡಿರುತ್ತದೆ. 1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಡೈವಿಂಗ್ ಮಾಡುವವರಿಗೆ ನೀರಿನೊಳಗೆ ಪದಗಳನ್ನು ಕಲಿಸಿ ನೋಡಿದರು, ಅವು ದಡಕ್ಕಿಂತ ನೀರಿನೊಳಗೇ ಚೆನ್ನಾಗಿ ನೆನಪಾದವು. 1985ರಲ್ಲಿ ಸ್ಮಿತ್, ಹಿನ್ನೆಲೆ ಸಂಗೀತದ ವಿಷಯದಲ್ಲೂ ಇಂಥದ್ದೇ ಕಂಡರು. ನಮ್ಮ ಪರೀಕ್ಷಾ ಕೊಠಡಿಯಲ್ಲಿ ಹಾಡು ಹಾಕುವುದಿಲ್ಲ. ಹಾಡು ಕೇಳುತ್ತಾ ಕಲಿತದ್ದನ್ನು ಅಲ್ಲಿ ಮೌನದಲ್ಲೇ ನೆನಪಿಸಿಕೊಳ್ಳಬೇಕು, ಅದಕ್ಕೇ ಈ ದೃಷ್ಟಿಗೆ ಬೆಲೆ.

ಮುಂದಿನ ಹಂತಗಳನ್ನು ನಾನು ಎರಡನೇ ದೃಷ್ಟಿ ಇಟ್ಟುಕೊಂಡು ಹೇಳುತ್ತೇನೆ. ಕಾಲೇಜಿನ ಕೋಣೆಯಲ್ಲಿ ಅಚ್ಚುಕಟ್ಟಾಗಿ ಮಾಡಲು ಅದೇ ಸುಲಭ.

ಹಂತ 3: ಪ್ರಶ್ನೆಯನ್ನು ಒಂದೇ ವಾಕ್ಯಕ್ಕೆ ಇಳಿಸಿ

“ಸಂಗೀತದಿಂದ ವಿದ್ಯಾರ್ಥಿಗಳ ಸಾಧನೆ ಮೇಲೆ ಆಗುವ ಪರಿಣಾಮ” ಅನ್ನುವ ಶೀರ್ಷಿಕೆ ಬೇಡ. ಯಾವ ಸಂಗೀತ, ಯಾವಾಗ, ಯಾವ ಕೆಲಸ? ಹೀಗೆ ಬರೆಯಿರಿ: “ಅಂಕಿಗಳನ್ನು ಕ್ರಮವಾಗಿ ನೆನಪಿಟ್ಟುಕೊಳ್ಳುವಾಗ, ಸಾಹಿತ್ಯ ಇರುವ ಕನ್ನಡ ಹಾಡು ಕೇಳುತ್ತಿದ್ದರೆ, ಮೌನಕ್ಕಿಂತ ಅಂಕ ಕಡಿಮೆ ಬರುತ್ತದೆಯೇ?”

ಇದರಲ್ಲಿ ನೀವು ಬದಲಿಸುವುದು ಹಿನ್ನೆಲೆಯ ಸದ್ದು. ಅದಕ್ಕೆ ಇಂಡಿಪೆಂಡೆಂಟ್ ವೇರಿಯಬಲ್ ಅನ್ನುತ್ತಾರೆ. ನೀವು ಅಳೆಯುವುದು ಅಂಕ, ಅದು ಡಿಪೆಂಡೆಂಟ್ ವೇರಿಯಬಲ್. ಉಳಿದದ್ದೆಲ್ಲ, ಅಂದರೆ ಕೋಣೆ, ಸಮಯ, ಸೂಚನೆ, ಪ್ರಶ್ನೆಯ ಕಷ್ಟ, ಎಲ್ಲವೂ ಎಲ್ಲರಿಗೂ ಒಂದೇ ಥರ ಇರಬೇಕು.

ನಮ್ಮ ಪ್ರಯೋಗದಲ್ಲಿ ಮೂರು ಸ್ಥಿತಿಗಳು: ಮೌನ, ವಾದ್ಯ, ಹಾಡು. ಆದರೆ ಮುಖ್ಯ ಹೋಲಿಕೆ ಮೌನ ಮತ್ತು ಹಾಡಿನದು ಅಂತ ಪ್ರಯೋಗ ಶುರುವಾಗುವ ಮುಂಚೆಯೇ ತಾರೀಕು ಹಾಕಿ ಬರೆದಿಡಿ. ಆಮೇಲೆ ಬದಲಿಸಬೇಡಿ.

ಹಂತ 4: ಒಪ್ಪಿಗೆ

ಇದನ್ನು ಸುಮ್ನೆ ಕಾಗದದ ಕೆಲಸ ಅಂದುಕೊಳ್ಳುವವರು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಏನು ಮಾಡಿಸುತ್ತೀರಿ, ಎಷ್ಟು ಹೊತ್ತು, ಹೆಸರು ಎಲ್ಲೂ ಬರುವುದಿಲ್ಲ, ಬೇಡ ಅನ್ನಿಸಿದರೆ ಕಾರಣ ಹೇಳದೆ ಎದ್ದು ಹೋಗಬಹುದು ಅನ್ನುವುದನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಬರೆದು ಸಹಿ ತೆಗೆದುಕೊಳ್ಳಿ. 18 ತುಂಬದವರಾದರೆ ಪೋಷಕರ ಒಪ್ಪಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ 12ರಿಂದ 18ರ ಮಕ್ಕಳ ಸಮ್ಮತಿಯನ್ನೂ ಬರವಣಿಗೆಯಲ್ಲೇ ಪಡೆಯಬೇಕು. ಮೊದಲ ಸಲ ಮಾಡುವವರು 18 ದಾಟಿದವರನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಕಾಲೇಜಿನ ಅನುಮತಿಯನ್ನು ಮೊದಲೇ ಪತ್ರದಲ್ಲಿ ಪಡೆಯಿರಿ.

ನಿಜವಾದ ಇಂಟರ್ನಲ್ ಟೆಸ್ಟ್‌ನ ಅಂಕಗಳನ್ನು ಪ್ರಯೋಗಕ್ಕೆ ಬಳಸಲೇಬೇಡಿ. ನಿಮ್ಮ ಪ್ರಾಜೆಕ್ಟ್‌ಗೋಸ್ಕರ ಯಾರದೋ ಮಾರ್ಕ್ಸ್ ಕಡಿಮೆಯಾದರೆ ಅದಕ್ಕೆ ಪರಿಹಾರ ಇಲ್ಲ.

ಹಂತ 5: ಪರೀಕ್ಷೆಯನ್ನು ತಯಾರಿಸಿ

1ರಿಂದ 9ರೊಳಗಿನ ಎಂಟು ಅಂಕಿಗಳ ಸಾಲುಗಳನ್ನು ಮಾಡಿಕೊಳ್ಳಿ. ಒಂದು ಸಾಲಿನಲ್ಲಿ ಯಾವ ಅಂಕಿಯೂ ಎರಡು ಸಲ ಬರಬಾರದು. 4 5 6 ಅಂತ ಏರುವ ಕ್ರಮ ಬೇಡ, 1947 ಥರದ ಪರಿಚಿತ ಇಸವಿ ಒಳಗೆ ಅಡಗಿರುವುದೂ ಬೇಡ. ಇಂಥ 10 ಸಾಲುಗಳ ಒಂದು ಕಟ್ಟು, ಒಟ್ಟು ಮೂರು ಕಟ್ಟು. ಅಭ್ಯಾಸಕ್ಕೆ ಬೇರೆ ಮೂರು ಸಾಲು.

ಪವರ್‌ಪಾಯಿಂಟ್‌ನಲ್ಲಿ ಒಂದು ಸ್ಲೈಡಿಗೆ ಒಂದು ಅಂಕಿ, ಸೆಕೆಂಡಿಗೆ ಒಂದರಂತೆ ತಾನಾಗೇ ಬದಲಾಗುವ ಹಾಗೆ ಹಾಕಿ. ಎಂಟೂ ಮುಗಿದ ಮೇಲೆ 5 ಸೆಕೆಂಡ್ ಖಾಲಿ ಪರದೆ, ಆಮೇಲೆ “ಬರೆಯಿರಿ” ಅಂತ ಒಂದು ಸ್ಲೈಡ್, ಅದಕ್ಕೆ 15 ಸೆಕೆಂಡ್. ಒಂದು ಸಾಲಿಗೆ ಸುಮಾರು ಅರ್ಧ ನಿಮಿಷ, ಒಂದು ಕಟ್ಟಿಗೆ ಸುಮಾರು ಐದು ನಿಮಿಷ ಆಗುತ್ತದೆ.

ಅಂಕಿಗಳನ್ನು ಬಾಯಲ್ಲಿ ಓದಿ ಹೇಳಬೇಡಿ. ಹಾಡಿನ ಸದ್ದಿನಲ್ಲಿ ನಿಮ್ಮ ಮಾತು ಕೇಳದೆ ತಪ್ಪಾದರೆ ನೀವು ಅಳೆದದ್ದು ಕಿವಿಯನ್ನು, ನೆನಪನ್ನಲ್ಲ.

ಉತ್ತರದ ಹಾಳೆಯಲ್ಲಿ ಸಾಲಿಗೆ ಎಂಟು ಮನೆ ಇರಲಿ. ಎಡದಿಂದ ಬಲಕ್ಕೆ ತುಂಬಬೇಕು, ಹಿಂದೆ ಹೋಗಿ ತಿದ್ದುವಂತಿಲ್ಲ, ಗೊತ್ತಿಲ್ಲದ ಮನೆಗೆ ಗೆರೆ ಹಾಕಬೇಕು. ಸರಿಯಾದ ಅಂಕಿ ಸರಿಯಾದ ಮನೆಯಲ್ಲಿದ್ದರೆ ಮಾತ್ರ 1 ಅಂಕ. ಹೀಗೆ ಒಂದು ಸ್ಥಿತಿಗೆ ಗರಿಷ್ಠ 80.

“ಅಂಕಿ ನೆನಪಿಡುವುದು ಪರೀಕ್ಷೆನಾ?” ಅಂತ ಗೈಡ್ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಸೂತ್ರ, ಇಸವಿ, ವ್ಯಾಖ್ಯೆಯ ಪದಗಳ ಕ್ರಮ ಇವೆಲ್ಲ ಇಂಥ ನೆನಪಿನ ಮೂಲಕವೇ ಒಳಗೆ ಹೋಗುತ್ತವೆ, ಆದರೆ ಪ್ರಬಂಧ ಬರೆಯುವುದು, ಲೆಕ್ಕ ಬಿಡಿಸುವುದು ಇದರಲ್ಲಿ ಬರುವುದಿಲ್ಲ. ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುವುದು ಪರೀಕ್ಷೆಗೆ ಹತ್ತಿರ ಅನ್ನುವುದು ನಿಜ. ತೊಂದರೆ ಏನೆಂದರೆ ಮೂರು ಗದ್ಯಭಾಗಗಳನ್ನು ಒಂದೇ ಕಷ್ಟದ ಮಟ್ಟಕ್ಕೆ ತರಲು ಮೊದಲು ಬೇರೆ ಗುಂಪಿನ ಮೇಲೆ ಪರೀಕ್ಷಿಸಿ ನೋಡಬೇಕಾಗುತ್ತದೆ. ಅಷ್ಟು ಸಮಯ ಇದ್ದರೆ ಧಾರಾಳವಾಗಿ ಮಾಡಿ.

ಹಂತ 6: ಸಂಗೀತ ಆರಿಸುವುದು

ಎಲ್ಲಕ್ಕಿಂತ ಹೆಚ್ಚು ಯೋಚನೆ ಬೇಕಾದದ್ದು ಇಲ್ಲಿ. ಹೆಚ್ಚಿನವರು ವಾದ್ಯಕ್ಕೆ ಒಂದು ನಿಧಾನದ ವೀಣೆಯ ಆಲಾಪ ಹಾಕುತ್ತಾರೆ, ಹಾಡಿಗೆ ಒಂದು ಕುಣಿಯುವ ಸಿನಿಮಾ ಹಾಡು. ಅಂಕದಲ್ಲಿ ವ್ಯತ್ಯಾಸ ಬಂದಾಗ ಅದು ಸಾಹಿತ್ಯದಿಂದ ಬಂತಾ, ವೇಗದಿಂದ ಬಂತಾ, ತಾಳವಾದ್ಯದ ಅಬ್ಬರದಿಂದ ಬಂತಾ? ಹೇಳಲು ಆಗುವುದಿಲ್ಲ. ಹೀಗೆ ಎರಡು ಕಾರಣಗಳು ಒಂದಕ್ಕೊಂದು ಹೆಣೆದುಕೊಳ್ಳುವುದಕ್ಕೆ ಕನ್‌ಫೌಂಡಿಂಗ್ ಅನ್ನುತ್ತಾರೆ. ವೇಗ ಎಷ್ಟು ಮುಖ್ಯ ಅನ್ನುವುದಕ್ಕೆ 2002ರಲ್ಲಿ ಹುಸೇನ್ ಮತ್ತು ಜೊತೆಗಾರರು ಮೊಝಾರ್ಟ್‌ನ ಅದೇ ಸೊನಾಟಾವನ್ನೇ ಒಮ್ಮೆ ವೇಗವಾಗಿ, ಒಮ್ಮೆ ನಿಧಾನವಾಗಿ ನುಡಿಸಿ ಕೇಳಿಸಿದ್ದು ಸಾಕ್ಷಿ. ವೇಗದ ರೂಪ ಕೇಳಿದವರು ಆಕಾರಗಳ ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದರು.

ಸುಲಭದ ದಾರಿ ಒಂದಿದೆ. ಒಂದೇ ಹಾಡನ್ನು ತೆಗೆದುಕೊಳ್ಳಿ, ಅದರ ಕರೋಕೆ ಟ್ರ್ಯಾಕ್ ಅನ್ನೂ ತೆಗೆದುಕೊಳ್ಳಿ. ವೇಗ, ವಾದ್ಯ, ತಾಳ ಎಲ್ಲವೂ ಅದೇ, ಹೋಗುವುದು ಗಾಯಕರ ಧ್ವನಿ ಮಾತ್ರ. ಕೊಳಲಿನಲ್ಲಿ ನುಡಿಸಿದ ರೂಪ ಬೇಡ, ಅದರಲ್ಲಿ ವಾದ್ಯಗಳೇ ಬದಲಾಗಿರುತ್ತವೆ.

ಆದರೆ ಎಲ್ಲರಿಗೂ ಬಾಯಿಪಾಠ ಇರುವ ಹಾಡನ್ನು ಆರಿಸಬೇಡಿ. ಪರಿಚಯದ ಹಾಡಿನ ಕರೋಕೆ ಹಾಕಿದರೆ ಕೇಳುವವರು ಮನಸ್ಸಿನಲ್ಲೇ ಸಾಹಿತ್ಯ ಹಾಡಿಕೊಳ್ಳುತ್ತಾರೆ. ಆಗ ನಿಮ್ಮ ವಾದ್ಯದ ಸ್ಥಿತಿಯೂ ಹಾಡಿನ ಸ್ಥಿತಿಯೇ ಆಗಿಬಿಡುತ್ತದೆ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಸಿನಿಮಾ ಹಾಡು, ಭಾವಗೀತೆ ಕೇಳುತ್ತಲೇ ಬೆಳೆದ ನಮ್ಮ ಮಕ್ಕಳಲ್ಲಿ ಹಾಡಿನ ಮೊದಲ ಎರಡು ಸ್ವರ ಬಂದರೆ ಸಾಕು, ಪಲ್ಲವಿ ತಾನಾಗೇ ಶುರುವಾಗುತ್ತದೆ. ಹೆಚ್ಚು ಜನ ಕೇಳದ ಹಾಡು ಹುಡುಕಿ. ಪ್ರಯೋಗದ ಕೊನೆಯಲ್ಲಿ “ಈ ಹಾಡು ಮೊದಲೇ ಗೊತ್ತಿತ್ತಾ?” ಅಂತ ಎಲ್ಲರನ್ನೂ ಕೇಳಿ ಬರೆದುಕೊಳ್ಳಿ.

ಸದ್ದು ಮೂರನೇ ವಿಷಯ. ಇಯರ್‌ಫೋನ್ ಕೊಟ್ಟರೆ ಒಬ್ಬೊಬ್ಬರದು ಒಂದೊಂದು ಮಟ್ಟ ಆಗುತ್ತದೆ. ಸ್ಪೀಕರ್ ಹಾಕಿ, ವಿದ್ಯಾರ್ಥಿ ಕೂರುವ ಜಾಗದಲ್ಲಿ ಮೊಬೈಲ್ ಆ್ಯಪ್ ಹಿಡಿದು 60ರಿಂದ 65 ಡೆಸಿಬೆಲ್ ಆಸುಪಾಸಿಗೆ ತನ್ನಿ, ಮಾಮೂಲಿ ಮಾತುಕತೆಯಷ್ಟು ಸದ್ದು. ವಾದ್ಯಕ್ಕೂ ಹಾಡಿಗೂ ಮಟ್ಟ ಒಂದೇ ಇರಲಿ. ಮೊಬೈಲ್ ಮೀಟರ್ ಅಷ್ಟು ನಿಖರವಾಗಿ ಇರುವುದಿಲ್ಲ, ಆದರೆ ಅದೇ ಮೊಬೈಲನ್ನು ಅದೇ ಜಾಗದಲ್ಲಿ ಹಿಡಿದರೆ ಹೋಲಿಕೆಗೆ ಸಾಕು.

ಹಂತ 7: ಸರದಿ ಬದಲಿಸಿ

ಒಂದು ತಂಡ ಒಮ್ಮೆ ನನ್ನ ಹತ್ತಿರ ಖುಷಿಯಾಗಿ ಬಂತು. ಸಂಗೀತ ಹಾಕಿದಾಗ ಎಲ್ಲರ ಅಂಕವೂ ಏರಿದೆ ಅಂದರು. ಹೇಗೆ ಮಾಡಿದಿರಿ ಅಂತ ಕೇಳಿದೆ. ಎಲ್ಲರಿಗೂ ಮೊದಲು ಮೌನದಲ್ಲಿ ಪರೀಕ್ಷೆ, ಆಮೇಲೆ ಸಂಗೀತದಲ್ಲಿ. ಎರಡನೇ ಸಲ ಮಾಡುವಾಗ ಯಾರಿಗಾದರೂ ಕೈ ಕುದುರಿರುತ್ತದೆ. ಏರಿದ ಅಂಕ ಸಂಗೀತದ್ದೋ ಅಭ್ಯಾಸದ್ದೋ ಹೇಳಲು ದಾರಿಯೇ ಇರಲಿಲ್ಲ, ಒಂದು ತಿಂಗಳ ಶ್ರಮ ಹೋಯಿತು. ಪಾಪ, ಮತ್ತೆ ಮೊದಲಿಂದ ಮಾಡಿದರು.

ಇದನ್ನು ತಪ್ಪಿಸುವುದಕ್ಕೆ ಕೌಂಟರ್‌ಬ್ಯಾಲೆನ್ಸಿಂಗ್ ಅನ್ನುತ್ತಾರೆ, ಅಂದರೆ ಸರದಿಯನ್ನು ಎಲ್ಲ ಬಗೆಯಲ್ಲೂ ಹಂಚುವುದು. ಮೂರು ಸ್ಥಿತಿಗೆ ಆರು ಸರದಿ ಸಾಧ್ಯ:

ಮೌನ, ವಾದ್ಯ, ಹಾಡು
ಮೌನ, ಹಾಡು, ವಾದ್ಯ
ವಾದ್ಯ, ಮೌನ, ಹಾಡು
ವಾದ್ಯ, ಹಾಡು, ಮೌನ
ಹಾಡು, ಮೌನ, ವಾದ್ಯ
ಹಾಡು, ವಾದ್ಯ, ಮೌನ

36 ಜನರನ್ನು ಚೀಟಿ ಎತ್ತಿ ಆರಾರು ಜನರ ಆರು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಸರದಿ. ಸ್ನೇಹಿತರೆಲ್ಲ ಒಂದೇ ಗುಂಪಿಗೆ ಬರುತ್ತೇವೆ ಅಂದರೆ ಒಪ್ಪಬೇಡಿ. ಆರೂ ಗುಂಪುಗಳನ್ನು ಬೇರೆ ಬೇರೆ ದಿನ ಕರೆದರೂ ಹೊತ್ತು ಒಂದೇ ಇರಲಿ. ಬೆಳಿಗ್ಗೆ ಹತ್ತಕ್ಕೆ ಒಂದು ಗುಂಪು, ಊಟ ಆದ ಮೇಲೆ ಇನ್ನೊಂದು ಅಂತ ಮಾಡಿದರೆ ನಿದ್ದೆಯನ್ನೂ ಅಳೆದ ಹಾಗೆ ಆಗುತ್ತದೆ.

ಅಂಕಿಗಳ ಕಟ್ಟಿಗೆ ಒಂದು ಜಾಣ ಉಪಾಯ ಇದೆ. ಯಾವ ಗುಂಪಾದರೂ ಮೊದಲ ಸುತ್ತಿಗೆ ಮೊದಲ ಕಟ್ಟು, ಎರಡನೇ ಸುತ್ತಿಗೆ ಎರಡನೆಯದು, ಮೂರಕ್ಕೆ ಮೂರನೆಯದು. ಸ್ಥಿತಿಗಳು ಗುಂಪಿನಿಂದ ಗುಂಪಿಗೆ ಬದಲಾಗುವುದರಿಂದ ಪ್ರತಿ ಕಟ್ಟೂ ಮೂರೂ ಸ್ಥಿತಿಗಳಲ್ಲಿ ಸಮನಾಗಿ ಬಂದಿರುತ್ತದೆ. ಯಾವುದೋ ಕಟ್ಟು ತುಸು ಸುಲಭ ಇದ್ದರೂ ಯಾವ ಸ್ಥಿತಿಗೂ ಪಕ್ಷಪಾತ ಆಗುವುದಿಲ್ಲ.

36 ಯಾಕೆ? ಆರರಿಂದ ಭಾಗವಾಗಬೇಕು ಅನ್ನುವುದು ಒಂದು ಕಾರಣ. ಇನ್ನೊಂದು, ಅದೇ ಜನರನ್ನು ಎರಡು ಸ್ಥಿತಿಯಲ್ಲಿ ಹೋಲಿಸುವಾಗ, ಮಧ್ಯಮ ಮಟ್ಟದ ಪರಿಣಾಮ ನಿಜಕ್ಕೂ ಇದ್ದರೆ ಅದನ್ನು ಹತ್ತರಲ್ಲಿ ಎಂಟು ಸಲ ಹಿಡಿಯಲು ಸುಮಾರು 34 ಜನ ಬೇಕು. ಒಬ್ಬರಿಗೆ ಮೌನ ಮಾತ್ರ, ಇನ್ನೊಬ್ಬರಿಗೆ ಹಾಡು ಮಾತ್ರ ಅಂತ ಬೇರೆ ಬೇರೆ ಗುಂಪು ಮಾಡಿದರೆ ಅದೇ ಕೆಲಸಕ್ಕೆ ಗುಂಪಿಗೆ 64 ಜನ, ಒಟ್ಟು 128 ಬೇಕಾಗುತ್ತದೆ. ಹತ್ತು ಹತ್ತು ಜನರ ಎರಡು ಗುಂಪು ಮಾಡಿ “ಪರಿಣಾಮ ಇಲ್ಲ” ಅಂತ ಬರೆಯುವುದು ಕತ್ತಲೆ ಕೋಣೆಯಲ್ಲಿ ಹುಡುಕಿ ಏನೂ ಇಲ್ಲ ಅಂದ ಹಾಗೆ.

ಹಂತ 8: ನಡೆಸುವ ದಿನ

ಸೂಚನೆಯನ್ನು ಕಾಗದದಲ್ಲಿ ಬರೆದಿಟ್ಟು ಪ್ರತಿ ಗುಂಪಿಗೂ ಅದನ್ನೇ ಓದಿ. ಬಾಯಿಗೆ ಬಂದ ಹಾಗೆ ಹೇಳಿದರೆ ಆರನೇ ಗುಂಪಿಗೆ ಮೊದಲಿನದಕ್ಕಿಂತ ಚೆನ್ನಾಗಿ ವಿವರಿಸಿರುತ್ತೀರಿ. “ಹಾಡು ತೊಂದರೆ ಕೊಡುತ್ತಾ ಅಂತ ನೋಡುತ್ತಿದ್ದೇವೆ” ಅಂತ ಮೊದಲೇ ಬಾಯಿಬಿಡಬೇಡಿ. ಏನು ನಿರೀಕ್ಷೆ ಅಂತ ಗೊತ್ತಾದರೆ ಜನ ಗೊತ್ತಿಲ್ಲದೇ ಅದಕ್ಕೆ ತಕ್ಕ ಹಾಗೆ ನಡೆಯುತ್ತಾರೆ. “ನೆನಪು ಮತ್ತು ಹಿನ್ನೆಲೆ ಸದ್ದಿನ ಬಗ್ಗೆ ಅಧ್ಯಯನ” ಅಂದರೆ ಸಾಕು, ಸುಳ್ಳೂ ಅಲ್ಲ. ಮುಗಿದ ಮೇಲೆ ಪೂರ್ತಿ ವಿವರ ಹೇಳಿ.

ಅಭ್ಯಾಸದ ಮೂರು ಸಾಲು ಮಾಡಿಸಿ, ಅನುಮಾನ ಇದ್ದರೆ ಬಗೆಹರಿಸಿ, ಶುರು ಮಾಡಿ. ಸಂಗೀತ ಅಂಕಿ ತೋರಿಸುವಾಗಲೂ ಬರೆಯುವಾಗಲೂ ಇರಲಿ. ಸುತ್ತುಗಳ ನಡುವೆ ಮೂರು ನಿಮಿಷ ವಿರಾಮ. ಮೊಬೈಲ್ ಎಲ್ಲ ಹೊರಗೆ, ಫ್ಯಾನ್ ಹಾಕಿದರೆ ಮೂರೂ ಸುತ್ತಿಗೆ ಹಾಕಿ. ಒಟ್ಟು ಅರ್ಧ ಗಂಟೆ.

ಪ್ರತಿ ಸುತ್ತು ಮುಗಿದ ತಕ್ಷಣ ಎರಡೇ ಪ್ರಶ್ನೆ ಕೇಳಿ: 80ಕ್ಕೆ ಎಷ್ಟು ಬಂದಿರಬಹುದು ಅಂತ ನಿಮಗೆ ಅನ್ನಿಸುತ್ತದೆ? ಸದ್ದು ಎಷ್ಟು ಹಿತವಾಗಿತ್ತು, 1ರಿಂದ 10ರೊಳಗೆ? ಇವನ್ನು ಬಿಡಬೇಡಿ. ಹಾಡಿದ್ದಾಗ ಚೆನ್ನಾಗಿ ಮಾಡಿದೆ ಅಂತ ಅನ್ನಿಸುವುದು, ನಿಜಕ್ಕೂ ಬಂದ ಅಂಕ, ಎರಡೂ ಒಂದೇನಾ ಅಂತ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ನನ್ನ ಕೇಳಿದರೆ ಇಡೀ ಪ್ರಾಜೆಕ್ಟ್‌ನಲ್ಲಿ ಓದುಗರಿಗೆ ಹೆಚ್ಚು ಉಪಯೋಗಕ್ಕೆ ಬರುವ ಪುಟ ಅದೇ.

ಹಂತ 9: ಲೆಕ್ಕ

ಉತ್ತರ ತಿದ್ದುವವರಿಗೆ ಆ ಹಾಳೆ ಯಾವ ಸ್ಥಿತಿಯದು ಅಂತ ಗೊತ್ತಿರಬಾರದು. ಹಾಳೆಯ ಮೇಲೆ ಬರೀ ಕೋಡ್ ನಂಬರ್ ಇರಲಿ.

ಆಮೇಲೆ ಒಬ್ಬೊಬ್ಬರದೂ ಮೌನದ ಅಂಕದಿಂದ ಹಾಡಿನ ಅಂಕ ಕಳೆಯಿರಿ. ಉದಾಹರಣೆಗೆ ಒಬ್ಬಳಿಗೆ ಮೌನದಲ್ಲಿ 58, ಹಾಡಿನಲ್ಲಿ 51 ಬಂದರೆ ವ್ಯತ್ಯಾಸ 7. ಹೀಗೆ 36 ವ್ಯತ್ಯಾಸಗಳ ಸರಾಸರಿ 4 ಬಂತು, ಅವುಗಳ ಹರಡು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, 9 ಬಂತು ಅಂತ ಇಟ್ಟುಕೊಳ್ಳೋಣ. 9ನ್ನು 36ರ ವರ್ಗಮೂಲ 6ರಿಂದ ಭಾಗಿಸಿದರೆ 1.5. ಸರಾಸರಿ 4ನ್ನು 1.5ರಿಂದ ಭಾಗಿಸಿದರೆ 2.67. ಇದೇ ಟಿ ಬೆಲೆ. 36 ಜನರಿಗೆ ಇದು 2.03 ದಾಟಿದರೆ, ವ್ಯತ್ಯಾಸ ಬರೀ ಆಕಸ್ಮಿಕ ಅನ್ನುವುದು ಕಷ್ಟ ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. ವ್ಯತ್ಯಾಸ ಎಷ್ಟು ದೊಡ್ಡದು ಅಂತ ಹೇಳಲು 4ನ್ನು 9ರಿಂದ ಭಾಗಿಸಿ, 0.44, ಮಧ್ಯಮಕ್ಕಿಂತ ಸ್ವಲ್ಪ ಕಡಿಮೆ (0.5 ಬಂದರೆ ಮಧ್ಯಮ ಅನ್ನುತ್ತಾರೆ). ಎರಡು ಸಂಖ್ಯೆಗಳನ್ನೂ ವರದಿಯಲ್ಲಿ ಬರೆಯಿರಿ.

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನ ಟಿ ಟೆಸ್ಟ್ ಸೂತ್ರ ಬಳಸುವುದಾದರೆ ಕೊನೆಯ ಎರಡು ಜಾಗದಲ್ಲಿ 2 ಮತ್ತು 1 ಹಾಕಬೇಕು. ಆ 1 ಅಂದರೆ ಅದೇ ಜನರ ಜೋಡಿ ಅಂಕಗಳು ಅಂತ ಅರ್ಥ. ಸೂತ್ರ ಕೊಡುವ ಉತ್ತರ ಟಿ ಬೆಲೆಯಲ್ಲ, ಬರೀ ಆಕಸ್ಮಿಕದಿಂದ ಇಷ್ಟು ವ್ಯತ್ಯಾಸ ಬರುವ ಸಾಧ್ಯತೆ. ಅದು 0.05ಕ್ಕಿಂತ, ಅಂದರೆ ನೂರಕ್ಕೆ ಐದಕ್ಕಿಂತ, ಕಡಿಮೆ ಇರಬೇಕು ಅನ್ನುವುದು ವಾಡಿಕೆಯ ಗಡಿ. ಕೊನೆಯ ಜಾಗದ 1ರ ವಿಷಯದಲ್ಲಿ ಎಚ್ಚರ ಇರಲಿ. ಅಲ್ಲಿ 2 ಅಥವಾ 3 ಹಾಕಿ ಲೆಕ್ಕ ಕೆಡಿಸಿಕೊಳ್ಳುವವರನ್ನು ತುಂಬ ನೋಡಿದ್ದೇನೆ.

ವಾದ್ಯವನ್ನೂ ಸೇರಿಸಿ ಮೂರು ಹೋಲಿಕೆಗಳನ್ನೂ ಮಾಡಿದರೆ 0.05ರ ಗಡಿಯನ್ನು ಮೂರರಿಂದ ಭಾಗಿಸಿ, ಸುಮಾರು 0.017ಕ್ಕೆ ಇಳಿಸಿ. ಹೆಚ್ಚು ಸಲ ಬಲೆ ಬೀಸಿದರೆ ಆಕಸ್ಮಿಕವಾಗಿ ಒಂದು ಮೀನು ಸಿಕ್ಕೇ ಸಿಗುತ್ತದೆ, ಅದಕ್ಕೆ.

ಹಂತ 10: ಎಷ್ಟು ಹೇಳಬಹುದೋ ಅಷ್ಟೇ ಬರೆಯಿರಿ

ಹಾಡಿನಲ್ಲಿ ಅಂಕ ಕಡಿಮೆ ಬಂದರೆ, “ನಮ್ಮ ಕಾಲೇಜಿನ 36 ವಿದ್ಯಾರ್ಥಿಗಳಲ್ಲಿ, ಈ ಹಾಡು ಕೇಳುತ್ತಿರುವಾಗ ಅಂಕಿಗಳ ಕ್ರಮ ನೆನಪಿಡುವುದು ಕಷ್ಟವಾಯಿತು” ಅಂತ ಬರೆಯಿರಿ. “ಸಂಗೀತದಿಂದ ಓದಿಗೆ ಹಾನಿ” ಅನ್ನುವಷ್ಟು ನಿಮ್ಮ ಕೈಯಲ್ಲಿ ಇಲ್ಲ. ವ್ಯತ್ಯಾಸ ಬರದಿದ್ದರೂ ಬೇಸರ ಬೇಡ, ಅದನ್ನೂ ಹಾಗೇ ಬರೆಯಿರಿ. 2011ರಲ್ಲಿ ಜರ್ಮನಿಯ ಕೆಂಪ್ಫೆ ಮತ್ತು ಜೊತೆಗಾರರು ಹಿನ್ನೆಲೆ ಸಂಗೀತದ ಬಗ್ಗೆ ಅಲ್ಲಿಯವರೆಗೆ ಬಂದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಒಟ್ಟಾರೆ ಪರಿಣಾಮ ಸೊನ್ನೆಯ ಹತ್ತಿರ ಬಂತು. ಬಿಡಿಸಿ ನೋಡಿದರೆ ಓದುವುದಕ್ಕೆ ಅಡ್ಡಿ, ಭಾವನೆಗೆ ಮತ್ತು ಆಟಕ್ಕೆ ಅನುಕೂಲ. ಒಂದನ್ನೊಂದು ಕಳೆದು ಸೊನ್ನೆ ಆಗಿತ್ತು. ಅದಕ್ಕೇ ಮೂರನೇ ಹಂತದಲ್ಲಿ ಪ್ರಶ್ನೆಯನ್ನು ಚಿಕ್ಕದು ಮಾಡಿ ಅಂದದ್ದು.

ಕರ್ನಾಟಕದವರಿಗೆ ಒಂದು ಮಾತು. ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ 1924ರಲ್ಲಿ ಶುರುವಾಯಿತು, ದೇಶದಲ್ಲೇ ತೀರ ಹಳೆಯವುಗಳಲ್ಲಿ ಒಂದು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಕೇಂದ್ರ ನಡೆಸಿದವರು, ‘ಆಕಾಶವಾಣಿ’ ಅನ್ನುವ ಹೆಸರು ಅಲ್ಲಿಂದಲೇ ಬಂತು. ಮನಸ್ಸನ್ನೂ ಸದ್ದನ್ನೂ ಒಟ್ಟಿಗೆ ತಲೆಗೆ ಹಚ್ಚಿಕೊಂಡ ಮೇಷ್ಟ್ರು ನಮ್ಮ ನಡುವೆಯೇ ಇದ್ದರು. ನಿಮ್ಮ ವರದಿಯನ್ನು ಕನ್ನಡದಲ್ಲೂ ಬರೆಯಿರಿ ಅಂತ ನನ್ನ ಆಸೆ.

ಮನೆಯಲ್ಲಿ ಒಬ್ಬರೇ ಮಾಡುವುದಾದರೆ

12 ಚೀಟಿ ಮಾಡಿ, ಆರರಲ್ಲಿ ‘ಹಾಡು’, ಆರರಲ್ಲಿ ‘ಮೌನ’ ಅಂತ ಬರೆದು ಡಬ್ಬಿಗೆ ಹಾಕಿ. ದಿನವೂ ಒಂದೇ ಹೊತ್ತಿಗೆ ಒಂದು ಚೀಟಿ ಎತ್ತಿ, ಬಂದ ಹಾಗೆ 40 ನಿಮಿಷ ಓದಿ. ಎತ್ತಿದ ಚೀಟಿ ವಾಪಸ್ ಹಾಕಬೇಡಿ. ಮಾರನೇ ದಿನ ಓದಲು ಕೂರುವ ಮುಂಚೆ, ಹಿಂದಿನ ದಿನದ ಪಾಠದ ಮೇಲೆ 10 ಪ್ರಶ್ನೆಗೆ ಮೌನದಲ್ಲಿ ಉತ್ತರ ಬರೆಯಿರಿ, ಪರೀಕ್ಷೆಯೂ ಮೌನದಲ್ಲೇ ಇರುವುದಲ್ವಾ. ಪ್ರಶ್ನೆಗಳನ್ನು ಅಕ್ಕನೋ ಗೆಳೆಯನೋ ತೆಗೆಯಲಿ, ಅವರಿಗೆ ನಿನ್ನೆ ಯಾವ ಚೀಟಿ ಬಂತು ಅಂತ ಹೇಳಬೇಡಿ. 12 ದಿನ ಆದ ಮೇಲೆ ಎರಡು ಸರಾಸರಿ ತೆಗೆದು ನೋಡಿ. ವ್ಯತ್ಯಾಸ ಒಂದು ಅಂಕಕ್ಕಿಂತ ಕಡಿಮೆ ಇದ್ದರೆ ಅದಕ್ಕೆ ಅರ್ಥ ಹಚ್ಚಬೇಡಿ, ಇನ್ನೂ 12 ದಿನ ಮುಂದುವರಿಸಿ.

ಯಾವ ಪಾಠ ಓದಬೇಕು ಅನ್ನುವುದನ್ನು ಮಾತ್ರ ಚೀಟಿ ಎತ್ತುವ ಮುಂಚೆಯೇ ಬರೆದಿಡಿ. ‘ಹಾಡು’ ಬಂದ ಮೇಲೆ ಪಾಠ ಆರಿಸಲು ಹೊರಟರೆ ಕೈ ತಾನಾಗೇ ಸುಲಭದ ಪಾಠದ ಕಡೆಗೆ ಹೋಗುತ್ತದೆ.